ಒಂದೇ ನಲ್ಲಿ, ಮೂರು ನೀರು

ಪುಣೆಯ ಉಂಡ್ರಿಯಲ್ಲಿ ನಮ್ಮ ಮನೆ. ಹಾಲ್‌ನಲ್ಲಿ ಎರಡಡಿ ಉದ್ದದ ಮೀನಿನ ತೊಟ್ಟಿ ಇದೆ, ಸುಮಾರು 60 ಲೀಟರ್ ನೀರು ಹಿಡಿಯುತ್ತದೆ. ನಾಲ್ಕು ವರ್ಷದ ಹಿಂದೆ ಒಂದು ಭಾನುವಾರ ಅರ್ಧ ನೀರು ತೆಗೆದು, ನಲ್ಲಿಯಿಂದ ನೇರವಾಗಿ ಬಕೆಟ್ ತುಂಬಿಸಿ ಸುರಿದೆ. ಫಿಲ್ಟರ್‌ನ ಸ್ಪಂಜನ್ನೂ ಅದೇ ನಲ್ಲಿಯ ಕೆಳಗೆ ಹಿಂಡಿ ತೊಳೆದೆ. ಅರ್ಧ ಗಂಟೆಯಲ್ಲಿ ನಿಯಾನ್ ಟೆಟ್ರಾಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಸಂಜೆಯ ಹೊತ್ತಿಗೆ ಹನ್ನೆರಡರಲ್ಲಿ ಏಳು ಉಳಿದಿದ್ದವು. ಹಿಂದಿನ ದಿನ ಸೊಸೈಟಿಯ ಟಾಂಕಿ ತೊಳೆದು ಬ್ಲೀಚಿಂಗ್ ಪೌಡರ್ ಹಾಕಿದ್ದರು. ಲಿಫ್ಟ್ ಪಕ್ಕದ ನೋಟಿಸನ್ನು ನಾನು ಓದಿರಲಿಲ್ಲ.

ಕ್ಲೋರಿನ್ ಮೊದಲು ಕಿವಿರನ್ನು ಸುಡುತ್ತದೆ. ಅದು ಆ ದಿನದ ಕಥೆ. ಮೂರನೇ ದಿನ ಇನ್ನೂ ಎರಡು ಮೀನು ಸತ್ತವು. ಆಗ ನನಗೆ ಏನೂ ಅರ್ಥವಾಗಲಿಲ್ಲ. ಅಂಗಡಿಯಿಂದ ಅಮೋನಿಯಾ ಪರೀಕ್ಷೆಯ ಕಿಟ್ ತಂದು ನೋಡಿದರೆ, ಹಳದಿ ಇರಬೇಕಾದ ನೀರು ಹಸಿರಾಗಿತ್ತು. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಬೇರೆ ರೂಪಕ್ಕೆ ತಿರುಗಿಸುವ ಬ್ಯಾಕ್ಟೀರಿಯಾ ಹೆಚ್ಚಾಗಿ ಇರುವುದು ಆ ಸ್ಪಂಜಿನಲ್ಲೇ. ಮೀನಿಗೆ ಸುರಿದ ಕ್ಲೋರಿನ್ ಅವುಗಳನ್ನೂ ಕೊಂದಿತ್ತು. ಅಂದಿನಿಂದ ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೇ ನೀರಿನಲ್ಲೇ ಅದ್ದಿ ಹಿಂಡುತ್ತೇನೆ. ನಲ್ಲಿ ನೀರು ಅದಕ್ಕೆ ತಾಗಿಸುವುದಿಲ್ಲ.

ಅಂಗಡಿಯಲ್ಲಿ ಸಿಗುವ ಆಂಟಿ-ಕ್ಲೋರಿನ್ ಹನಿಯಲ್ಲಿ ಸಾಮಾನ್ಯವಾಗಿ ಇರುವುದು ಸೋಡಿಯಂ ಥಯೋಸಲ್ಫೇಟ್. ಹಿಂದೆ ಫೋಟೋ ಸ್ಟುಡಿಯೋದವರು ಹೈಪೋ ಅಂತ ಬಳಸುತ್ತಿದ್ದ ಉಪ್ಪೇ ಅದು. ಕ್ಲೋರಿನ್‌ಗೆ ತಕ್ಷಣ ಕೆಲಸ ಮಾಡುತ್ತದೆ. ಆದರೆ ಬಾಟಲಿಯ ಮೇಲೆ ಬರೆದ ಅಳತೆ ಮಾಮೂಲಿ ನಲ್ಲಿ ನೀರಿಗೆ. ಟಾಂಕಿ ತೊಳೆದ ಮರುದಿನದ ನೀರಿಗೆ ಅದು ಸಾಲದೇ ಹೋಗಬಹುದು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅಂತಿದೆ. ನಮಗೆ ಅದು ಕಾವಲು, ಮೀನಿಗೆ ಅಷ್ಟೂ ಜಾಸ್ತಿಯೇ. ಹಾಗಾಗಿ ಒಂದು ಕ್ಲೋರೋಸ್ಕೋಪ್ ಕೊಂಡೆ. ಊರಲ್ಲಿ ಪಂಚಾಯ್ತಿಯವರು ನೀರು ನೋಡಲು ತರುತ್ತಾರಲ್ಲ, ಅದೇ. ಎರಡು ಹನಿ ಹಾಕಿದರೆ ನೀರು ಹಳದಿಯಾಗುತ್ತದೆ. ಹಳದಿ ಗಾಢವಾದಷ್ಟೂ ಕ್ಲೋರಿನ್ ಜಾಸ್ತಿ. ಆ ನೀರನ್ನು ಮತ್ತೆ ತೊಟ್ಟಿಗೆ ಹಾಕಬಾರದು, ಚೆಲ್ಲಿಬಿಡಬೇಕು.

ಕ್ಲೋರಿನ್ ಒಂದೇ ಆಗಿದ್ದರೆ ಇಷ್ಟಕ್ಕೇ ಮುಗಿಯುತ್ತಿತ್ತು. ನಮ್ಮಲ್ಲಿ ಕಾರ್ಪೊರೇಷನ್ ನೀರು, ಬೋರ್ ನೀರು, ಟ್ಯಾಂಕರ್ ನೀರು ಮೂರೂ ಒಂದೇ ಸಂಪಿಗೆ ಬೀಳುತ್ತವೆ. ಯಾವ ದಿನ ಯಾವುದು ಎಷ್ಟು, ವಾಚ್‌ಮನ್‌ಗೂ ಗೊತ್ತಿರುವುದಿಲ್ಲ. ನನಗಿಂತ ಮೊದಲು ಅದನ್ನು ಕಂಡುಹಿಡಿಯುವವರು ಎದುರು ಮನೆಯ ಜಮಖಂಡಿಯ ವೈನಿ. "ಬೇಳಿ ಬೇಯವಲ್ದು ನೋಡ್ರಿ, ಇವತ್ತ ಟ್ಯಾಂಕರ್ ನೀರ ಬಂದೈತಿ" ಅಂತಾರೆ. ಸವಳು ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ. ಅವರು ಹಾಗೆಂದ ದಿನ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ 820 ತೋರಿಸಿತು. ಕಾರ್ಪೊರೇಷನ್ ನೀರು ಬಂದ ದಿನ 150. ಈ ಭಾಗದ ನೆಲದಡಿ ಇರುವುದು ಕಪ್ಪು ಬಸಾಲ್ಟ್ ಕಲ್ಲು. ಅದರ ಸಂದಿಯಲ್ಲಿ ನಿಂತ ನೀರಿಗೆ ಸುಣ್ಣ, ಮೆಗ್ನೀಸಿಯಂ ಸೇರುತ್ತಲೇ ಇರುತ್ತದೆ. ಗಡಸುತನ ಬರುವುದು ಅಲ್ಲಿಂದ. ಟೆಟ್ರಾಗಳಿಗೆ ಬೇಕಾದದ್ದು ಮೆದು ನೀರು.

ಮೊದಲು ನಾನು ಮಾಡಿದ್ದು ತಪ್ಪು ದಾರಿ. ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, 8.2 ಇದೆ ಅಂತ ಅದನ್ನು ಇಳಿಸುವ ಔಷಧಿ ಹಾಕಿದೆ. ಸಂಜೆಗೆ 7ಕ್ಕೆ ಇಳಿಯಿತು, ಮರುದಿನ ಮತ್ತೆ 8. ನೀರಿನ ಕಾರ್ಬೊನೇಟ್ ಅದನ್ನು ಎಳೆದು ತಂದು ಹಳೇ ಜಾಗಕ್ಕೇ ಬಿಡುತ್ತದೆ. ಹೀಗೆ ಏರಿಳಿತ ಮಾಡುವುದು ಸ್ಥಿರವಾದ 8.2ಕ್ಕಿಂತ ಮೀನಿಗೆ ಕಷ್ಟ. ಆಮೇಲೆ ಪೂರ್ತಿ ಆರ್‌ಒ ನೀರು, ಅಂದರೆ ಲವಣ ಸೋಸಿ ತೆಗೆದ ನೀರು, ತುಂಬಿದೆ. ಒಂದು ತಿಂಗಳು ಚೆನ್ನಾಗಿತ್ತು. ನಂತರ ಪಿಎಚ್ ಸುಮ್ನೆ ಇಳಿಯುತ್ತಾ 6ರ ಹತ್ತಿರ ಬಂತು. ಹಿಡಿದು ನಿಲ್ಲಿಸಲು ಕಾರ್ಬೊನೇಟ್ ಇರಲೇ ಇಲ್ಲವಲ್ಲ. ಮೀನುಗಳು ಮೂಲೆ ಹಿಡಿದು ಕೂತವು.

ಕೊನೆಗೆ ಬೆರಕೆ ಕೈಹಿಡಿಯಿತು. 820ರ ಒಂದು ಬಕೆಟ್, 40ರ ಆರ್‌ಒ ನೀರು ಎರಡು ಬಕೆಟ್. ಸೇರಿಸಿದರೆ ಸುಮಾರು 300. ಟೆಟ್ರಾಗಳು ಅದರಲ್ಲಿ ಎರಡು ವರ್ಷ ಚೆನ್ನಾಗಿದ್ದವು. ಇಲ್ಲಿ ಒಂದು ಮಾತು: ಟಿಡಿಎಸ್ ಮೀಟರ್ ಎಷ್ಟು ಕರಗಿದೆ ಅಂತ ಮಾತ್ರ ಹೇಳುತ್ತದೆ, ಏನು ಕರಗಿದೆ ಅಂತ ಹೇಳುವುದಿಲ್ಲ. ಉಪ್ಪು ಹಾಕಿ ಓಡಿಸುವ ಸಾಫ್ಟನರ್ ಇರುವ ಸೊಸೈಟಿಗಳಲ್ಲಿ ಸುಣ್ಣ ಹೋಗಿ ಸೋಡಿಯಂ ಬಂದಿರುತ್ತದೆ. ಮೀಟರ್ ಹೆಚ್ಚುಕಡಿಮೆ ಅಷ್ಟೇ ತೋರಿಸುತ್ತದೆ. ಗಡಸುತನವನ್ನು ಹನಿ ಹಾಕುವ ಕಿಟ್‌ನಿಂದಲೇ ನೋಡಬೇಕು.

ಆದರೆ ನನ್ನ ಮನಸ್ಸಿಗೆ ಒಂದು ಚುಚ್ಚುತ್ತಿತ್ತು. ನಮ್ಮ ಆರ್‌ಒ ಒಂದು ಬಕೆಟ್ ಕೊಡಲು ಮೂರು ಬಕೆಟ್ ಹೊರಗೆ ಚೆಲ್ಲುತ್ತದೆ. ಹೊರಹೋದ ನೀರಿನಲ್ಲಿ ನೆಲ ಒರೆಸುತ್ತಿದ್ದೆವು, ನಿಜ. ಆದರೂ ಏಪ್ರಿಲ್‌ನಲ್ಲಿ ಸೊಸೈಟಿ ದುಡ್ಡು ಕೊಟ್ಟು ಟ್ಯಾಂಕರ್ ತರಿಸುವಾಗ, ನಾನು ಮೆದು ನೀರಿನ ಮೀನಿಗಾಗಿ ಅಷ್ಟು ನೀರು ಸೋಸುವುದು ಸರಿಯಲ್ಲ ಅನಿಸಿತು. ಈ ನೀರಿಗೆ ಒಗ್ಗುವ ಮೀನು ಇಟ್ಟರೆ ಆಯ್ತು, ಅಲ್ವಾ? ಕೋಥರೂಡ್‌ನಲ್ಲಿ ಧಾರವಾಡದ ಗೆಳೆಯನೊಬ್ಬನಿದ್ದಾನೆ. ಅವನ ನಲ್ಲಿಗೆ ಖಡಕವಾಸ್ಲಾ ಅಣೆಕಟ್ಟಿನ ನೀರು ಬರುತ್ತದೆ. ಮೀಟರ್‌ನಲ್ಲಿ 100ರ ಆಸುಪಾಸು. ಟೆಟ್ರಾಗಳನ್ನು ಅವನಿಗೆ ಕೊಟ್ಟೆ. ಏರ್ ಪಂಪಿನ ಸಣ್ಣ ಪೈಪಿಗೆ ಗಂಟು ಹಾಕಿ, ಅವನ ತೊಟ್ಟಿಯ ನೀರನ್ನು ಎರಡು ಗಂಟೆ ಹನಿಹನಿಯಾಗಿ ಮೀನಿದ್ದ ಬಕೆಟ್‌ಗೆ ಬಿಟ್ಟೆವು. ಒಂದೂ ಸಾಯಲಿಲ್ಲ.

ನಮ್ಮ ಮನೆಗೆ ಮೋಲಿ, ಗಪ್ಪಿ ಬಂದವು. ಸುಣ್ಣದ ನೀರು ಅವಕ್ಕೆ ಇಷ್ಟ. ಮರಿಗಳೂ ಆಗಿವೆ. ಆದರೆ ಪಿಎಚ್ 8ರಲ್ಲಿ ಅಮೋನಿಯಾದ ವಿಷ 7ರಲ್ಲಿ ಇರುವುದರ ಸುಮಾರು ಹತ್ತು ಪಟ್ಟು. ಅದಕ್ಕೇ ಆಹಾರ ದಿನಕ್ಕೆ ಒಂದೇ ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಮಕ್ಕಳು ಎಷ್ಟು ಕೇಳಿದರೂ ಇನ್ನೊಂದು ಚಿಟಿಕೆ ಹಾಕಲು ಬಿಡುವುದಿಲ್ಲ.

ಬಾಲ್ಕನಿಯಲ್ಲಿ 50 ಲೀಟರ್‌ನ ಮುಚ್ಚಳದ ಡ್ರಮ್ ಇದೆ. ಬುಧವಾರ ತುಂಬಿಸಿ, ಕ್ಲೋರಿನ್ ಹಾರಿಹೋಗಲಿ ಅಂತ ಏರ್ ಪಂಪಿನ ಗುಳ್ಳೆ ಬಿಡುವ ಕಲ್ಲು ಬಿಟ್ಟು ಓಡಿಸುತ್ತೇನೆ. ಶನಿವಾರ ಕ್ಲೋರಿನ್, ಟಿಡಿಎಸ್ ಎರಡನ್ನೂ ನೋಡುತ್ತೇನೆ. ತೊಟ್ಟಿಯ ಟಿಡಿಎಸ್‌ಗೂ ಇದಕ್ಕೂ 100ಕ್ಕಿಂತ ಹೆಚ್ಚು ಫರಕು ಇದ್ದರೆ ಆ ವಾರ ಒಂದು ಬಕೆಟ್ ಬದಲು ಅರ್ಧ ಬಕೆಟ್ ಮಾತ್ರ. ಜೂನ್, ಜುಲೈನಲ್ಲಿ ಕಾರ್ಪೊರೇಷನ್ ನೀರು ಕೆಂಪಗೆ ಬಂದರೆ ಡ್ರಮ್‌ನಲ್ಲೇ ಎರಡು ದಿನ ತಳ ಕಟ್ಟಲು ಬಿಟ್ಟು ಮೇಲಿನ ನೀರು ತೆಗೆಯುತ್ತೇನೆ. ಆಗ ಪಂಪ್ ಹಚ್ಚುವುದಿಲ್ಲ, ಕೆಸರು ಕೂರಬೇಕಲ್ಲ.

ಕಳೆದ ತಿಂಗಳು ಮತ್ತೆ ಟಾಂಕಿ ತೊಳೆದರು. ವೈನಿ ನೋಟಿಸ್ ಓದಿ ಹಿಂದಿನ ರಾತ್ರಿಯೇ ಬಾಗಿಲು ತಟ್ಟಿ ಹೇಳಿದ್ದರು. ಡ್ರಮ್ ತುಂಬಿಯೇ ಇತ್ತು. ಹೊಸ ನೀರು ಗಾಢ ಹಳದಿ ತೋರಿಸುವುದು ನಿಲ್ಲುವ ತನಕ, ಅಂದರೆ ಐದು ದಿನ, ನಲ್ಲಿ ನೀರು ಮುಟ್ಟಲಿಲ್ಲ.