ನಿಕಲ್‌ನಲ್ಲೇ ಹೈಡ್ರೋಜನ್ ತೆಗೆದೆ

ಎಥನಾಲ್ ಮತ್ತು ನೀರಿನ ಆವಿಯನ್ನು ಬಿಸಿ ಕ್ಯಾಟಲಿಸ್ಟ್ (ಕ್ರಿಯೆ ಚುರುಕಾಗಿಸುವ ವಸ್ತು) ಮೇಲೆ ಹಾಯಿಸಿ ಹೈಡ್ರೋಜನ್ ತೆಗೆಯೋಕೆ ರೋಡಿಯಂ ಅನ್ನೋ ದುಬಾರಿ ಲೋಹ ಬೇಕೇ ಬೇಕು, ನಿಕಲ್ ಹಾಕಿದರೆ ಎರಡು ದಿನದಲ್ಲಿ ಕಾರ್ಬನ್ ಕಟ್ಟುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು. ನನ್ನ ನಿಕಲ್ ಕ್ಯಾಟಲಿಸ್ಟ್ ಈಗ ವಾರಕ್ಕೂ ಜಾಸ್ತಿ ಒಂದೇ ಸಮ ಓಡಿದೆ. ರೋಡಿಯಂ ಒಳ್ಳೆಯದೇ, ಎಥನಾಲ್‌ನ ಎರಡು ಕಾರ್ಬನ್‌ಗಳ ನಡುವಿನ ಬಂಧವನ್ನು ಸಲೀಸಾಗಿ ಮುರಿಯುತ್ತದೆ. ಆದರೆ ಅದರ ಉಪ್ಪು ಒಂದು ಗ್ರಾಂ ಕೊಳ್ಳುವ ದುಡ್ಡಿಗೆ ನಿಕಲ್ ನೈಟ್ರೇಟ್ ಬಾಟಲಿಗಟ್ಟಲೆ ಬರುತ್ತದೆ.

ಮೊದಲು ಎಲ್ಲರ ಹಾಗೆ ಗಾಮಾ ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್ ಪುಡಿ) ಮೇಲೆ ನಿಕಲ್ ಕೂರಿಸಿದೆ. ಶುರುವಿನಲ್ಲಿ ಹೈಡ್ರೋಜನ್ ಚೆನ್ನಾಗಿ ಬಂತು. ಸಂಜೆ ಹೊತ್ತಿಗೆ ಗ್ಯಾಸಿನಲ್ಲಿ ಏನೇನಿದೆ ಅಂತ ತೋರಿಸುವ ಜಿಸಿ ಯಂತ್ರದಲ್ಲಿ ಎಥಿಲೀನ್ ಪೀಕ್ ಎದ್ದಿತು, ಪ್ರೆಷರ್ ಏರಿತು, ಪಂಪ್ ನಿಂತಿತು. ಅಲ್ಯುಮಿನಾದ ಆಮ್ಲಗುಣ ಎಥನಾಲ್‌ನಿಂದ ನೀರು ಕಿತ್ತು ಎಥಿಲೀನ್ ಮಾಡುತ್ತದೆ, ಅದೇ ಕಾರ್ಬನ್ ಆಗುತ್ತದೆ ಅಲ್ವಾ. ಕ್ವಾರ್ಟ್ಜ್ ಟ್ಯೂಬ್ ಬಿರುಕು ಬಿಟ್ಟಿತ್ತು. ಒಳಗೆ ಕ್ಯಾಟಲಿಸ್ಟ್ ಬೆಡ್ ಉಬ್ಬಿ, ಕಾರ್ಬನ್‌ನ ಕಪ್ಪು ಎಳೆಗಳು ಬೆಡ್ ಹಿಡಿದಿಡುವ ಕ್ವಾರ್ಟ್ಜ್ ವುಲ್ ಅನ್ನೇ ಮೇಲಕ್ಕೆ ತಳ್ಳಿದ್ದವು. ಪೊಟ್ಯಾಸಿಯಂ ಸೇರಿಸಿದಾಗ ಎಥಿಲೀನ್ ತಗ್ಗಿತು, ಆದರೆ 600 ಡಿಗ್ರಿಯಲ್ಲಿ ನಿಕಲ್ ಕಣಗಳು ದಪ್ಪ ಆದವು. ಟ್ಯೂಬ್, ಗ್ಯಾಸ್ ಸಿಲಿಂಡರ್ ಅಂತ ದುಡ್ಡು ಹೋಗುತ್ತಲೇ ಇತ್ತು.

ಕೊನೆಗೆ ಹಿಡಿದಿದ್ದು ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಕೆ.ಸಿ. ಪಾಟೀಲರು 1980ರ ದಶಕದಲ್ಲಿ ಬೆಳೆಸಿದ ಕಂಬಶ್ಚನ್ ವಿಧಾನ. ಸೀರಿಯಂ ನೈಟ್ರೇಟ್, ನಿಕಲ್ ನೈಟ್ರೇಟ್, ಗ್ಲೈಸಿನ್ ಸ್ವಲ್ಪ ನೀರಲ್ಲಿ ಕರಗಿಸಿ ಬಿಸಿ ಫರ್ನೇಸ್‌ಗೆ ಇಟ್ಟರೆ ಸಾಕು. ಕುದಿಯುತ್ತದೆ, ನೊರೆ ಏಳುತ್ತದೆ, ಕಂದು ಹೊಗೆ ಬರುತ್ತದೆ, ಭಗ್ಗನೆ ಹತ್ತಿಕೊಳ್ಳುತ್ತದೆ. ಉಳಿಯುವ ಪುಡಿ ಮಂಡಕ್ಕಿಯಷ್ಟು ಹಗುರ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ರೇ ಪರೀಕ್ಷೆ) ನಿಕಲ್ ಆಕ್ಸೈಡ್ ಗೆರೆಯೇ ಕಾಣಲಿಲ್ಲ, ಅಂದರೆ ನಿಕಲ್ ಅಷ್ಟು ಸಣ್ಣಗೆ ಹರಡಿತ್ತು. ಹೈಡ್ರೋಜನ್‌ನಲ್ಲಿ ರೆಡ್ಯೂಸ್ ಮಾಡಿದ (ನಿಕಲ್‌ನ ಆಕ್ಸಿಜನ್ ತೆಗೆದ) ಮೇಲೆ ಐದಾರು ನ್ಯಾನೋಮೀಟರಿನ ನಿಕಲ್ ಕಣಗಳು ಸೀರಿಯಾ (ಸೀರಿಯಂ ಆಕ್ಸೈಡ್) ಮೇಲೆ ಗಟ್ಟಿಯಾಗಿ ಕೂತವು. ಸೀರಿಯಾದ ಆಕ್ಸಿಜನ್ ಅಲ್ಲಲ್ಲೇ ಕಾರ್ಬನ್ ಸುಡುತ್ತದೆ. ನಿಕಲ್ ಶೇಕಡ 5ರ ಸುಮಾರಿಗೆ ಇಡಿ, 15ಕ್ಕೆ ಹೋದರೆ ಮತ್ತೆ ಕಾರ್ಬನ್. ಗ್ಲೈಸಿನ್ ಎಷ್ಟು ಕಮ್ಮಿ ಹಾಕುತ್ತೇನೆ, ಜೊತೆಗೆ ಚಿಟಿಕೆ ಏನು ಸೇರಿಸುತ್ತೇನೆ ಅನ್ನೋದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

550 ಡಿಗ್ರಿ ಆಸುಪಾಸು, ಒಂದು ಎಥನಾಲ್ ಅಣುವಿಗೆ ಎಂಟು ನೀರಿನ ಅಣು. ಲೆಕ್ಕಕ್ಕೆ ಮೂರೇ ಸಾಕು, ಆದರೆ ಜಾಸ್ತಿ ನೀರು ಕಾರ್ಬನ್ ತಡೆಯುತ್ತದೆ. ಒಣ ಗ್ಯಾಸಿನಲ್ಲಿ ಹೈಡ್ರೋಜನ್ ಶೇಕಡ 70ರ ಹತ್ತಿರ ಬಂತು. ಎಥನಾಲ್ ಪೂರ್ತಿ ಕ್ರಿಯೆಯಾದರೂ ಆರು ಹೈಡ್ರೋಜನ್‌ಗೆ ಎರಡು ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ಲೆಕ್ಕಕ್ಕೆ 75 ದಾಟೋಕೆ ಆಗಲ್ಲ, ಹಾಗಾಗಿ ನನಗೆ ಹೆಮ್ಮೆಯೇ.

ಹೇಗೂ ನೀರು ಹಾಕುತ್ತೇವೆ, ಸುಮ್ನೆ ನೀರಿಲ್ಲದ ಅಬ್ಸಲ್ಯೂಟ್ ಎಥನಾಲ್‌ಗೆ ಯಾಕೆ ದುಡ್ಡು ಅಂತ ಸ್ವಲ್ಪ ನೀರಿರುವ ರೆಕ್ಟಿಫೈಡ್ ಸ್ಪಿರಿಟ್ ಹಾಕಿ ನೋಡಿದೆ. ಏನೂ ವ್ಯತ್ಯಾಸ ಆಗಲಿಲ್ಲ. ಕಾಕಂಬಿಯಿಂದ ಬಂದ ಶುದ್ಧ ಮಾಡದ ಸ್ಪಿರಿಟ್ ಮಾತ್ರ ಆಗಲಿಲ್ಲ, ಅದರಲ್ಲಿನ ಫ್ಯೂಸೆಲ್ ಎಣ್ಣೆಯಿಂದ (ಎಥನಾಲ್‌ಗಿಂತ ಭಾರವಾದ ಆಲ್ಕೋಹಾಲ್‌ಗಳು) ಕಾರ್ಬನ್ ಬೇಗ ಕಟ್ಟಿತು. ಪ್ರೆಷರ್ ಏರಿದಾಗ ಎಥನಾಲ್ ನಿಲ್ಲಿಸಿ, ನೈಟ್ರೋಜನ್ ಬೆರೆಸಿದ ತೆಳು ಗಾಳಿ ಬಿಟ್ಟು 450ರಲ್ಲಿ ಸುಟ್ಟು, ಮತ್ತೆ ರೆಡ್ಯೂಸ್ ಮಾಡುತ್ತೇನೆ. ಬರೀ ಗಾಳಿ ಬಿಡಬೇಡಿ, ಬೆಡ್ ಕೆಂಪಗೆ ಕಾದು ನಿಕಲ್ ಕಣಗಳು ಒಂದಕ್ಕೊಂದು ಅಂಟಿಬಿಡುತ್ತವೆ.