ಕವಳ ಬಿಟ್ಟು ಕಡ್ಡಿ ಹಿಡಿದೆ

ಎಡಗೆನ್ನೆಯ ಕ್ಯಾನ್ಸರಿಗೆ ಆಪರೇಷನ್, ರೇಡಿಯೇಷನ್ ಎರಡೂ ಮುಗಿಸಿ ತೀರ್ಥಹಳ್ಳಿ ಹತ್ತಿರದ ಮನೆಗೆ ಬಂದಾಗ ನನ್ನ ಬಾಯೊಳಗೆ ಎರಡು ಬೆರಳೂ ಹೋಗುತ್ತಿರಲಿಲ್ಲ. ಮೂರು ಬೆರಳು ಹೋಗಬೇಕು ಅನ್ನುವುದು ಫಿಸಿಯೋ ಮೇಡಂ ಲೆಕ್ಕ. ಅದಕ್ಕೆ ಅವರು ಕೊಟ್ಟ ಸಾಮಾನು ಐಸ್‌ಕ್ರೀಂ ಕಡ್ಡಿ. ಒಂದರ ಮೇಲೊಂದು ಪೇರಿಸಿ ಹಲ್ಲಿನ ಸಂದಿಗಿಟ್ಟು, ನಡುವೆ ಇನ್ನೊಂದನ್ನು ಮೆಲ್ಲಗೆ ತೂರಿಸಿ, ಅರ್ಧ ನಿಮಿಷ ತಡೆದುಕೊಳ್ಳಬೇಕು. ದಿನಕ್ಕೆ ಐದಾರು ಸಲ. ಮೊದಲ ದಿನ 11 ಕಡ್ಡಿಗೇ ಕಣ್ಣಲ್ಲಿ ನೀರು. ಕ್ಯಾಲೆಂಡರಿನಲ್ಲಿ ಬರೆದಿಡುತ್ತಾ ಹೋದೆ. ನಾಲ್ಕು ತಿಂಗಳಿಗೆ 16. ಮಧ್ಯೆ ಮದುವೆ ಮನೆ ಓಡಾಟದಲ್ಲಿ ಒಂದು ವಾರ ಬಿಟ್ಟಿದ್ದಕ್ಕೆ ಎರಡು ಕಡ್ಡಿ ಹಿಂದೆ ಬಿತ್ತು.

ಕತ್ತಿನ ಗಂಟು ತೆಗೆಯುವಾಗ ಹೆಗಲು ಎತ್ತುವ ನರಕ್ಕೂ ಪೆಟ್ಟಾಗಿತ್ತು. ಜಗಲಿಯ ಗೋಡೆ ಮೇಲೆ ಬೆರಳು ಹತ್ತಿಸುತ್ತಾ, ಮುಟ್ಟಿದಲ್ಲಿಗೆ ಇದ್ದಿಲಿನ ಗೆರೆ ಎಳೆಯುತ್ತಿದ್ದೆ. ಗೆರೆ ಮೇಲೇರಿದ ಉಮೇದಿನಲ್ಲಿ ಒಂದು ದಿನ ಗೊಬ್ಬರದ ಹೆಡಿಗೆ ಎತ್ತಿ ವಾರವಿಡೀ ನರಳಿದೆ. ಆಮೇಲೆ ಬುದ್ಧಿ ಬಂದು ಅರ್ಧ ಲೀಟರ್ ನೀರಿನ ಬಾಟಲಿಗೆ ಇಳಿದೆ.

ಸುಸ್ತಿನದು ಬೇರೆಯೇ ಕಥೆ. ಬಂದವರೆಲ್ಲ "ಮಲಗಿಕೊಳ್ಳಿ" ಅನ್ನುವವರೇ. ಮಲಗಿದಷ್ಟೂ ಸುಸ್ತು ಏರಿತು. ವಾರಕ್ಕೆ 3 ದಿನ ಅರ್ಧರ್ಧ ಗಂಟೆ ನಡಿಗೆ, 2 ದಿನ ಹಗುರ ಭಾರ ಎತ್ತುವುದು, ಮೂರು ತಿಂಗಳಾದರೂ ಬಿಡದೆ ಮಾಡಿದರೆ ಈ ಸುಸ್ತು ಇಳಿಯುತ್ತದೆ ಎಂದರು ಡಾಕ್ಟರು. ಶುರುವಿಗೆ ದಣಪೆಯವರೆಗೆ, ಅಂದರೆ ಬೇಲಿಯ ಗೇಟಿನವರೆಗೆ, ಹೋಗಿ ಬರುವುದೇ ಸಾಹಸ. ಮಳೆಗಾಲದಲ್ಲಿ ಜಾರಿಕೆ, ರಕ್ತ ಹೀರುವ ಉಂಬಳ. ಹಾಗಾಗಿ ಜಗಲಿಯಲ್ಲೇ ಸುತ್ತು. ಜ್ವರ ಬಂದ ದಿನ, ರಕ್ತದ ಕಣ ಕಡಿಮೆ ಇದೆ ಎಂದ ದಿನ ಮಾತ್ರ ಬಿಟ್ಟೆ.

ಮುಜುಗರದ ಮಾತೂ ಒಂದಿದೆ. ಮೂವತ್ತು ವರ್ಷ ಕವಳ, ಅಂದರೆ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಹಾಕಿದವನು ನಾನು. ತಪ್ಪೆಲ್ಲ ಹೊಗೆಸೊಪ್ಪಿನದು, ಅಡಿಕೆ ಪಾಪದ್ದು ಎಂದೇ ನಂಬಿದ್ದೆ. ಅಡಿಕೆ ಬೆಳೆಯುವವನಿಗೆ ಹಾಗೆ ನಂಬುವುದೇ ಸುಲಭ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿ 20 ವರ್ಷದ ಮೇಲಾಗಿದೆ. ನನ್ನ ಕೆನ್ನೆ ಒಳಗೆ ಗಟ್ಟಿಯಾಗಿ, ಖಾರ ತಾಗಿದರೆ ಉರಿಯುತ್ತಿದ್ದುದು ಎರಡು ವರ್ಷ ಮೊದಲೇ. ಆಗಲೇ ತೋರಿಸಬೇಕಿತ್ತು.

ತೋಟ ಈಗಲೂ ಇದೆ, ಸುಲಿತವೂ ನಡೆಯುತ್ತದೆ. ಕವಳದ ಹರಿವಾಣ ಮಾತ್ರ ಜಗಲಿಯಿಂದ ಒಳಗೆ ಹೋಗಿದೆ. ಮೊನ್ನೆ ಕಡ್ಡಿ ಕಚ್ಚಿಕೊಂಡು ಕೂತಿದ್ದಾಗ ಬಂದ ಭಾವಯ್ಯ, "ಎಂತ ಮಾರಾಯ, ಇದಕ್ಕೆ ಸುಣ್ಣ ಬೇಡ್ವಾ?" ಅಂದ. ನಗು ಬಂದು ಹದಿನಾರೂ ಕಡ್ಡಿ ಅಂಗಳಕ್ಕೆ ಬಿದ್ದವು.