‘ಎರಡೇ ಪೆಗ್’ ಅಂದವರ ಕೈಗೆ ನೀರಿನ ಬಾಟಲಿ ಕೊಟ್ಟಾಗ

ಕುಡಿತ ಬಿಡಿಸುವ ಕೇಂದ್ರದಲ್ಲಿ ನಾನು ಆಪ್ತ ಸಲಹೆಗಾರ್ತಿ. ದಿನಕ್ಕೆ ಎಷ್ಟು ಕುಡಿಯುತ್ತೀರಿ ಎಂದು ಬರೀ ಬಾಯಲ್ಲಿ ಕೇಳುವುದನ್ನು ಬಿಟ್ಟಿದ್ದೇನೆ. ಮೇಜಿನ ಮೇಲೆ ನೀರು ತುಂಬಿದ ಹಳೇ ವಿಸ್ಕಿ ಬಾಟಲಿ, ಬೇರೆ ಬೇರೆ ಲೋಟಗಳು, ಒಂದು ಅಳತೆ ಜಾರ್. ‘ಮನೇಲಿ ಹಾಕ್ಕೊಳ್ಳೋ ಹಾಗೇ ಒಂದು ಪೆಗ್ ಹಾಕಿ’ ಎನ್ನುತ್ತೇನೆ.

‘ಎರಡೇ ಪೆಗ್ ಮೇಡಂ’ ಎಂದಿದ್ದ ಒಬ್ಬರು ಅಗಲ ತಳದ ಗಾಜಿನ ಲೋಟ ತೆಗೆದುಕೊಂಡರು. ಹೊರಗಿನಿಂದ ಎರಡು ಬೆರಳು ಅಡ್ಡ ಇಟ್ಟು, ಅಷ್ಟರವರೆಗೆ ಸುರಿದರು. ಜಾರ್‌ಗೆ ಬಗ್ಗಿಸಿದರೆ 110 ಮಿಲಿ! ಬಾರ್‌ನಲ್ಲಿ ಸಣ್ಣ ಪೆಗ್ 30, ದೊಡ್ಡದು 60. ಇವರ ‘ಎರಡು’ ಒಂದು ಕ್ವಾರ್ಟರ್ (180 ಮಿಲಿ) ದಾಟಿತ್ತು. ಸುಳ್ಳು ಹೇಳಿರಲಿಲ್ಲ ಪಾಪ, ಎರಡು ಸಲವೇ ಸುರಿದುಕೊಳ್ಳುತ್ತಿದ್ದರು.

ಲೆಕ್ಕ ಅವರ ಕೈಯಲ್ಲೇ ಮಾಡಿಸುತ್ತೇನೆ. ನಮ್ಮ ವಿಸ್ಕಿ, ರಮ್, ಬ್ರಾಂದಿಯಲ್ಲಿ ಸಾಮಾನ್ಯವಾಗಿ ಶೇ 42.8 ಆಲ್ಕೋಹಾಲ್. 30 ಮಿಲಿಯಲ್ಲಿ ಅದರಷ್ಟು ಭಾಗ ತೆಗೆದು 0.79ರಿಂದ (ಒಂದು ಮಿಲಿ ಆಲ್ಕೋಹಾಲ್‌ನ ತೂಕ, ಗ್ರಾಂನಲ್ಲಿ) ಗುಣಿಸಿದರೆ ಸುಮಾರು 10 ಗ್ರಾಂ ಆಲ್ಕೋಹಾಲ್. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಇದು ಒಂದು ಸ್ಟ್ಯಾಂಡರ್ಡ್ ಡ್ರಿಂಕ್, ಅಂದರೆ ಕುಡಿತ ಎಣಿಸುವ ಒಂದು ಅಳತೆ. ಅವರ 220 ಮಿಲಿ ಅಂದರೆ ಏಳಕ್ಕೂ ಜಾಸ್ತಿ. ಡ್ರಿಂಕ್ ಲೆಕ್ಕ ಹಾಕುವ ಮೊಬೈಲ್ ಆ್ಯಪ್ ತೋರಿಸಿ ‘ಇಲ್ಲಿ ಕಮ್ಮಿ ಬರುತ್ತಲ್ಲ’ ಎನ್ನುವವರೂ ಇದ್ದಾರೆ. ಒಂದೊಂದು ದೇಶದ ಅಳತೆ ಒಂದೊಂದು: ಅಮೆರಿಕದ ಡ್ರಿಂಕ್ 14 ಗ್ರಾಂ, ಬ್ರಿಟನ್ನಿನ ಯೂನಿಟ್ 8 ಗ್ರಾಂ. ಅದಕ್ಕೇ ನಾನು ಗ್ರಾಂನಲ್ಲೇ ಮಾತಾಡುತ್ತೇನೆ.

ತಮಾಷೆ ಅಂದ್ರೆ, ಸರಿಯಾದ ಲೆಕ್ಕ ಇರುವುದು ಕೂಲಿ ಮಾಡಿ ಬರುವವರ ಹತ್ತಿರ. ‘ಎರಡು ನೈಂಟಿ’ ಎಂದರೆ 180 ಮಿಲಿಯೇ, ಪ್ಯಾಕೆಟ್ ಮೇಲೆ ಅಚ್ಚಾಗಿರುತ್ತದೆ. ಫುಲ್ ಬಾಟಲಿ ಮನೆಯಲ್ಲಿಟ್ಟುಕೊಂಡು ಸುರಿದುಕೊಳ್ಳುವ ಓದಿದವರದೇ ಅಂದಾಜು ತಪ್ಪುವುದು. ಇನ್ನು ಬಿಯರ್‌ನವರು ತಮ್ಮದು ಕುಡಿತವೇ ಅಲ್ಲ ಅಂದುಕೊಂಡಿರುತ್ತಾರೆ. ಶೇ 8ರ ಸ್ಟ್ರಾಂಗ್ ಬಿಯರ್, 650 ಮಿಲಿ ಬಾಟಲಿ: 41 ಗ್ರಾಂ. ನಾಲ್ಕು ಸಣ್ಣ ಪೆಗ್, ಅಲ್ವಾ?

ಇಷ್ಟೆಲ್ಲ ಅಳೆಯುವುದು ಬೈಯಲಿಕ್ಕಲ್ಲ. ದಿನಾ ಕ್ವಾರ್ಟರ್ ದಾಟುವವರಿಗೆ ‘ನಾಳೆಯಿಂದ ಬಿಟ್ಟುಬಿಡಿ’ ಎಂದು ಸುಮ್ನೆ ಹೇಳಿ ಕಳಿಸುವ ಹಾಗಿಲ್ಲ. ದಿಢೀರ್ ನಿಲ್ಲಿಸಿದರೆ ಕೆಲವರಿಗೆ ಕೈ ನಡುಕ, ಫಿಟ್ಸ್ ಬರುತ್ತದೆ. ಜಾರ್‌ನಲ್ಲಿ ಕಂಡ ಅಂಕಿಯನ್ನು ಚೀಟಿಯಲ್ಲಿ ಬರೆದು, ಮೊದಲು ಪಕ್ಕದ ಕೋಣೆಯ ಡಾಕ್ಟರ ಹತ್ತಿರ ಕಳಿಸುತ್ತೇನೆ.